ಹಳೆಯ ತಲೆಎಣಿಕೆಯ ಮೇಲೆ ನಿಂತ ಹೊಸ ಅಂಕಿಅಂಶಗಳು

ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಸಲ್ಲಬೇಕು ಎಂಬುದನ್ನು ಹದಿನಾರನೇ ಹಣಕಾಸು ಆಯೋಗವು 2026ರ ಏಪ್ರಿಲ್‌ನಿಂದ 2031ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ನಿಗದಿಪಡಿಸಿದೆ. ಆ ಸೂತ್ರದಲ್ಲಿ ಜನಸಂಖ್ಯೆಗೆ ಶೇ 17.5ರಷ್ಟು ತೂಕವಿದೆ, ಮತ್ತು ಲೆಕ್ಕಕ್ಕೆ ತೆಗೆದುಕೊಂಡಿರುವುದು 2011ರ ಜನಗಣತಿಯ ಸಂಖ್ಯೆಯನ್ನು. ಐದನೇ ವರ್ಷದ ಕೊನೆಯ ಕಂತು ರಾಜ್ಯಗಳ ಖಜಾನೆ ಸೇರುವ ಹೊತ್ತಿಗೆ ಅದಕ್ಕೆ ಆಧಾರವಾದ ತಲೆಎಣಿಕೆಗೆ ಇಪ್ಪತ್ತು ವರ್ಷ ತುಂಬಿರುತ್ತದೆ. ಇದಕ್ಕಾಗಿ ಆಯೋಗವನ್ನು ದೂರುವಂತಿಲ್ಲ. ಅದರ ಮುಂದೆ ಬೇರೆ ಎಣಿಕೆಯೇ ಇರಲಿಲ್ಲ.

ನಮ್ಮಲ್ಲಿ ಸರ್ಕಾರಿ ಅಂಕಿಅಂಶಗಳ ಬಗ್ಗೆ ನಡೆಯುವ ಚರ್ಚೆ ಸಾಮಾನ್ಯವಾಗಿ ಜಿಡಿಪಿ ಬೆಳವಣಿಗೆ ದರದ ಸುತ್ತಲೇ ಸುತ್ತುತ್ತದೆ. ತ್ರೈಮಾಸಿಕದ ಅಂಕಿ ಹೊರಬಿದ್ದ ದಿನ ಆಡಳಿತ ಪಕ್ಷ ಅದನ್ನು ಸಾಧನೆ ಎನ್ನುತ್ತದೆ, ವಿರೋಧ ಪಕ್ಷ ಅದನ್ನು ಸುಳ್ಳು ಎನ್ನುತ್ತದೆ, ಮರುವಾರಕ್ಕೆ ಎಲ್ಲರೂ ಮರೆಯುತ್ತಾರೆ. ಆದರೆ ಆ ಅಂಕಿಯ ಹಿಂದಿರುವ ಸಮೀಕ್ಷೆಗಳು ಯಾವ ಪಟ್ಟಿಯನ್ನು ಆಧರಿಸಿವೆ, ಆ ಪಟ್ಟಿ ಎಷ್ಟು ಹಳೆಯದು, ಸಿದ್ಧವಾದ ವರದಿಯನ್ನು ಯಾವಾಗ ಹೊರಗೆ ಬಿಡಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಿಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಅಂಕಿಅಂಶ ವ್ಯವಸ್ಥೆಯ ನಿಜವಾದ ತೊಂದರೆ ಇರುವುದು ಇಲ್ಲಿ. ಯಾರೋ ಕುಳಿತು ಸುಳ್ಳು ಸಂಖ್ಯೆ ಬರೆಯುತ್ತಿದ್ದಾರೆ ಎಂಬ ಆರೋಪಕ್ಕೆ ಪುರಾವೆ ಸಿಗುವುದು ಕಷ್ಟ. ತಳಪಾಯ ಹಳತಾಗಿದೆ ಎಂಬುದಕ್ಕೆ ಪುರಾವೆ ಸರ್ಕಾರದ ಪ್ರಕಟಣೆಗಳಲ್ಲೇ ಇದೆ.

ಭಾರತದಲ್ಲಿ ದೇಶವ್ಯಾಪಿಯಾಗಿ ಏಕಕಾಲದ ಜನಗಣತಿ ಮೊದಲು ನಡೆದದ್ದು 1881ರಲ್ಲಿ. ಅಲ್ಲಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆಯುವ ಈ ಕೆಲಸ ದೇಶಮಟ್ಟದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ ಕೂಡ, ಕೋಷ್ಟಕಗಳನ್ನು ಕಡಿತಗೊಳಿಸಿದರೂ ಎಣಿಕೆಯನ್ನು ಕೈಬಿಟ್ಟಿರಲಿಲ್ಲ. 2021ರ ಗಣತಿಯ ಮನೆಪಟ್ಟಿ ಕಾರ್ಯ 2020ರ ಏಪ್ರಿಲ್ 1ರಂದು ಶುರುವಾಗಬೇಕಿತ್ತು. ಅದಕ್ಕೆ ವಾರವಿದೆ ಎನ್ನುವಾಗ ಕೋವಿಡ್ ಕಾರಣದಿಂದ ಲಾಕ್‌ಡೌನ್ ಜಾರಿಯಾಯಿತು. ಆ ಮುಂದೂಡಿಕೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಚೀನಾ 2020ರ ನವೆಂಬರ್‌ನಲ್ಲಿ, ನೇಪಾಳ 2021ರ ನವೆಂಬರ್‌ನಲ್ಲಿ, ಬಾಂಗ್ಲಾದೇಶ 2022ರ ಜೂನ್‌ನಲ್ಲಿ ತಮ್ಮ ಗಣತಿಯನ್ನು ಮುಗಿಸಿಕೊಂಡವು. ನಮ್ಮಲ್ಲಿ ಹೊಸ ಗಣತಿಯ ಅಧಿಸೂಚನೆ ಹೊರಬಿದ್ದದ್ದು 2025ರ ಜೂನ್ 16ರಂದು. ಅದರ ಪ್ರಕಾರ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ರ ಮಧ್ಯರಾತ್ರಿಯೂ, ಲಡಾಖ್ ಹಾಗೂ ಜಮ್ಮು-ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡದ ಹಿಮಾವೃತ ಪ್ರದೇಶಗಳಿಗೆ 2026ರ ಅಕ್ಟೋಬರ್ 1ರ ಮಧ್ಯರಾತ್ರಿಯೂ ಎಣಿಕೆಯ ಉಲ್ಲೇಖ ಕ್ಷಣಗಳಾಗಿವೆ, ಅಂದರೆ ಆ ಹೊತ್ತಿನ ಜನಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಎರಡು ಗಣತಿಗಳ ನಡುವೆ ಹದಿನಾರು ವರ್ಷಗಳ ಅಂತರವಾಯಿತು.

ಈ ಅಂತರದ ಬೆಲೆಯನ್ನು ಮೊದಲು ತೆತ್ತವರು ಪಡಿತರದ ಸಾಲಿನಲ್ಲಿ ನಿಲ್ಲುವವರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ ಶೇ 75ರಷ್ಟು, ನಗರ ಜನಸಂಖ್ಯೆಯ ಶೇ 50ರಷ್ಟು ಜನರಿಗೆ ಸಬ್ಸಿಡಿ ಧಾನ್ಯದ ಹಕ್ಕು ಕೊಡುತ್ತದೆ. ಅದರ 9ನೇ ಸೆಕ್ಷನ್ ಪ್ರಕಾರ ಈ ಜನಸಂಖ್ಯೆಯನ್ನು ಅಂಕಿಅಂಶ ಪ್ರಕಟವಾಗಿರುವ ಜನಗಣತಿಯಿಂದಲೇ ತೆಗೆದುಕೊಳ್ಳಬೇಕು. 2011ರ ಲೆಕ್ಕದಲ್ಲಿ ಅದು ದೇಶಕ್ಕೆ 81.35 ಕೋಟಿ ಜನ ಎಂದಾಯಿತು, ಮತ್ತು ಆ ಮಿತಿ ಅಲ್ಲಿಯೇ ನಿಂತಿತು. ಜನಸಂಖ್ಯೆ 140 ಕೋಟಿ ದಾಟಿದೆ ಎಂಬ ವಿಷಯದಲ್ಲಿ ಎಲ್ಲ ಅಂದಾಜುಗಳೂ ಒಮ್ಮತದಲ್ಲಿರುವುದರಿಂದ, ಅದೇ ಅನುಪಾತವನ್ನು 140 ಕೋಟಿಗೆ ಅನ್ವಯಿಸಿ ನೋಡಿದರೆ ಹಕ್ಕುದಾರರ ಸಂಖ್ಯೆ ಸುಮಾರು 94 ಕೋಟಿ ಆಗುತ್ತದೆ. ನಡುವಿನ ವ್ಯತ್ಯಾಸ ಹನ್ನೆರಡು ಕೋಟಿಗೂ ಹೆಚ್ಚು. ರಾಜ್ಯಕ್ಕೆ ಹಂಚಿಕೆಯಾದ ಕೋಟಾ ತುಂಬಿಹೋಗಿದ್ದರೆ, ಹೊಸದಾಗಿ ಮದುವೆಯಾಗಿ ಬೇರೆ ಸಂಸಾರ ಹೂಡಿದವರು, 2011ರ ನಂತರ ಹುಟ್ಟಿದ ಮಕ್ಕಳು ಪಟ್ಟಿಗೆ ಸೇರಬೇಕಾದರೆ ಇನ್ನೊಬ್ಬರ ಹೆಸರು ಅಳಿಯಬೇಕು. ಕೆಲವು ರಾಜ್ಯಗಳು ಸ್ವಂತ ಹಣದಿಂದ ಹೆಚ್ಚುವರಿ ಕಾರ್ಡುಗಳನ್ನು ಕೊಟ್ಟು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಂಡಿವೆ. ಅದಕ್ಕೆ ಶಕ್ತಿಯಿಲ್ಲದ ರಾಜ್ಯಗಳಲ್ಲಿ ಜನ ಹೊರಗೇ ಉಳಿದಿದ್ದಾರೆ.

ಇದರಲ್ಲಿ ಇನ್ನೊಂದು ತೊಡಕಿದೆ. ಅದರ ಬಗ್ಗೆ ಹೆಚ್ಚು ಚರ್ಚೆಯಾಗಿಲ್ಲ. ಹೊಸ ಗಣತಿ ಬಂದ ಕೂಡಲೇ ಎಲ್ಲ ರಾಜ್ಯಗಳಿಗೂ ಪಡಿತರ ಮಿತಿ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಗ್ರಾಮೀಣ ಪ್ರದೇಶಕ್ಕೆ ಶೇ 75, ನಗರಕ್ಕೆ ಶೇ 50 ಎಂಬ ನಿಯಮ ಇರುವುದರಿಂದ, ಒಂದು ಹಳ್ಳಿ ಗಣತಿಯ ವ್ಯಾಖ್ಯಾನದಲ್ಲಿ ಪಟ್ಟಣವಾಗಿ ಬದಲಾದರೆ ಅದರ ಜನಸಂಖ್ಯೆಯನ್ನು ಕಡಿಮೆ ಅನುಪಾತದಲ್ಲಿ ಲೆಕ್ಕ ಹಾಕಲಾಗುತ್ತದೆ. ಗಣತಿಯಲ್ಲಿ ಪಟ್ಟಣ ಎನಿಸಿಕೊಳ್ಳಲು ಪುರಸಭೆಯೇ ಇರಬೇಕೆಂದಿಲ್ಲ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಬೇಸಾಯವಲ್ಲದ ಕೆಲಸದಲ್ಲಿರುವುದು, ಈ ಮೂರು ಸಾಕು. ಇಂಥ ಗಣತಿ ಪಟ್ಟಣಗಳ ಸಂಖ್ಯೆ 2001ರಲ್ಲಿ 1,362 ಇದ್ದದ್ದು 2011ರಲ್ಲಿ 3,894ಕ್ಕೆ ಏರಿತ್ತು. ಆಡಳಿತದ ದೃಷ್ಟಿಯಲ್ಲಿ ಇನ್ನೂ ಗ್ರಾಮ ಪಂಚಾಯಿತಿಯೇ ಆಗಿರುವ, ಆದರೆ ಗಣತಿಯ ದೃಷ್ಟಿಯಲ್ಲಿ ನಗರವಾಗಿರುವ ಇಂಥ ಊರುಗಳಲ್ಲಿ ಬಡವರ ಸಂಖ್ಯೆ ಒಂದೇ ಸಲಕ್ಕೆ ಇಳಿದುಬಿಡುವುದಿಲ್ಲ. ಆದ್ದರಿಂದ ಹೊಸ ಗಣತಿಯ ಜೊತೆಗೆ ಕಾಯ್ದೆಯ ಅನುಪಾತಗಳನ್ನೂ ಮರುಪರಿಶೀಲಿಸಬೇಕಾಗುತ್ತದೆ.

ಎರಡನೆಯ ಪರಿಣಾಮ ಸಮೀಕ್ಷೆಗಳ ಮೇಲಿನದು. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಲ್ಲ ಮನೆಗಳಿಗೂ ಹೋಗದೆ, ಆಯ್ದ ಕೆಲವೇ ಮನೆಗಳನ್ನು ವೈಜ್ಞಾನಿಕವಾಗಿ ಆರಿಸಿ ಇಡೀ ದೇಶದ ಸ್ಥಿತಿಯನ್ನು ಅಂದಾಜಿಸುವ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಪ್ರಶಾಂತಚಂದ್ರ ಮಹಾಲನೋಬಿಸ್ 1950ರಲ್ಲಿ ಕಟ್ಟಿದರು. ಆಗಷ್ಟೇ ಸ್ವತಂತ್ರವಾಗಿದ್ದ ಬಡ ದೇಶವೊಂದು ಇಂಥ ವ್ಯವಸ್ಥೆಯನ್ನು ನಿಲ್ಲಿಸಿದ್ದು ಜಗತ್ತಿಗೇ ಮಾದರಿಯಾಗಿತ್ತು. ಅದಕ್ಕೂ ಮುನ್ನ, 1949ರಲ್ಲಿ, ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರಾಗಿದ್ದರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ಸ್ಥಾಪಿಸಿದ ರಾವ್ ಇವರೇ. ಅಂಕಿಅಂಶದ ವಿಷಯದಲ್ಲಿ ಈ ದೇಶಕ್ಕೆ ದೊಡ್ಡ ಪರಂಪರೆಯೊಂದಿದೆ ಎಂಬುದನ್ನು ನೆನಪಿಸಿಕೊಳ್ಳದೆ ಇಂದಿನ ಕೊರತೆಯನ್ನು ಅಳೆಯಲಾಗದು.

ಮಾದರಿ ಸಮೀಕ್ಷೆ ಕೆಲಸ ಮಾಡುವ ಬಗೆ ಹೀಗೆ. 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ನಡೆದ ಮನೆವಾರ್ತೆ ವೆಚ್ಚದ ಸಮೀಕ್ಷೆಯಲ್ಲಿ ದೇಶದ ಸುಮಾರು 2.6 ಲಕ್ಷ ಕುಟುಂಬಗಳನ್ನು ಸಂದರ್ಶಿಸಲಾಯಿತು. ದೇಶದಲ್ಲಿ ಇರಬಹುದಾದ ಒಟ್ಟು ಕುಟುಂಬಗಳ ಎದುರು ಇಟ್ಟು ನೋಡಿದರೆ, ಸರಾಸರಿಯಲ್ಲಿ ಸಮೀಕ್ಷೆಯ ಒಂದು ಮನೆ ಸಾವಿರಕ್ಕೂ ಹೆಚ್ಚು ಮನೆಗಳ ಪರವಾಗಿ ಮಾತಾಡುತ್ತದೆ. ಯಾವ ಹಳ್ಳಿಗೆ ಹೋಗಬೇಕೆಂದು ಚೀಟಿ ಎತ್ತುವ ಮೊದಲು ಎಲ್ಲ ಹಳ್ಳಿಗಳ ಪಟ್ಟಿ ಬೇಕು, ಪ್ರತಿ ಹಳ್ಳಿಯ ಜನಸಂಖ್ಯೆ ಗೊತ್ತಿರಬೇಕು. ಆ ಪಟ್ಟಿ ಬರುವುದು ಜನಗಣತಿಯಿಂದ. ನಗರಗಳಿಗೆ ಪ್ರತ್ಯೇಕ ಬ್ಲಾಕ್ ಪಟ್ಟಿಯಿದ್ದು ಅದನ್ನು ಆಗಾಗ ಪರಿಷ್ಕರಿಸಲಾಗುತ್ತದೆಯಾದರೂ, ಹಳ್ಳಿ ಯಾವುದು ನಗರ ಯಾವುದು ಎಂಬ ವಿಂಗಡಣೆ 2011ರದೇ. ಪಟ್ಟಿಯಲ್ಲಿ ಹಳ್ಳಿ ಎಂದಿರುವ ಜಾಗದಲ್ಲಿ ಇಂದು ಲೇಔಟುಗಳು, ಬಾಡಿಗೆ ಮನೆಗಳು, ಗಾರ್ಮೆಂಟ್ ಕಾರ್ಖಾನೆಯ ಕಾರ್ಮಿಕರ ಕೊಠಡಿಗಳು ಎದ್ದಿರಬಹುದು. ಬೆಂಗಳೂರಿನ ಅಂಚಿನಲ್ಲಿ ಒಮ್ಮೆ ಓಡಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ ಎಂದು ದಾಖಲಾಗಿತ್ತು. ನೀರು, ಬಸ್ಸು, ಆಸ್ಪತ್ರೆ, ಶಾಲೆಗಳ ಅಗತ್ಯವನ್ನು ಅಂದಾಜಿಸುವ ಯಾವ ಅಧಿಕಾರಿಯೂ ಇಂದು ಆ ಸಂಖ್ಯೆಯನ್ನು ನಂಬುವುದಿಲ್ಲ, ಆದರೆ ಅಧಿಕೃತವಾಗಿ ಉಲ್ಲೇಖಿಸಲು ಅವರ ಬಳಿ ಬೇರೆ ಎಣಿಕೆಯೂ ಇಲ್ಲ.

ಹಳೆಯ ಪಟ್ಟಿಯಿಂದಾಗಿ ಸಮೀಕ್ಷೆಗಳ ಫಲಿತಾಂಶ ಪೂರ್ತಿ ನಿರುಪಯುಕ್ತವಾಗುತ್ತದೆ ಎಂದು ತಿಳಿಯುವುದೂ ಸರಿಯಲ್ಲ. ನೂರಕ್ಕೆ ಎಷ್ಟು ಮಂದಿ ನಿರುದ್ಯೋಗಿಗಳು, ಖರ್ಚಿನಲ್ಲಿ ಆಹಾರದ ಪಾಲೆಷ್ಟು ಎಂಬಂಥ ಅನುಪಾತಗಳು ಹಳೆಯ ಪಟ್ಟಿಯಲ್ಲೂ ತಕ್ಕಮಟ್ಟಿಗೆ ಸರಿಯಾಗಿಯೇ ಬರುತ್ತವೆ. ಒಟ್ಟು ಸಂಖ್ಯೆ ಕೇಳಿದಾಗ ಮಾತ್ರ ಕಾಲು ಜಾರುತ್ತದೆ. ಶೇಕಡಾವಾರು ಪ್ರಮಾಣವನ್ನು ಅಂದಾಜು ಜನಸಂಖ್ಯೆಯಿಂದ ಗುಣಿಸಿ ಇಷ್ಟು ಕೋಟಿ ಉದ್ಯೋಗ ಸೃಷ್ಟಿಯಾಯಿತು ಎಂದು ಘೋಷಿಸುವವರು, ಆ ಅಂದಾಜು ಜನಸಂಖ್ಯೆ 2011ರ ಎಣಿಕೆಯನ್ನೇ ಮುಂದಕ್ಕೆ ಎಳೆದು ಲೆಕ್ಕ ಹಾಕಿದ್ದು ಎಂಬುದನ್ನು ಹೇಳುವುದಿಲ್ಲ. ಜನನ ಪ್ರಮಾಣ ಈ ನಡುವೆ ಇಳಿದಿದೆ. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ ಸಂಖ್ಯೆ, 2023ರಲ್ಲಿ 1.9ಕ್ಕೆ ಬಂದಿದೆ. ವಲಸೆಯ ದಿಕ್ಕೂ ಬದಲಾಗಿರಬಹುದು. ಹೀಗಾಗಿ ರಾಜ್ಯ, ಜಿಲ್ಲೆಗಳ ಮಟ್ಟಕ್ಕೆ ಇಳಿದಷ್ಟೂ ಅಂದಾಜಿನ ಮೇಲಿನ ಭರವಸೆ ಕಡಿಮೆಯಾಗುತ್ತದೆ.

ಹಳತಾಗುವಿಕೆಗೆ ಕೋವಿಡ್ ಒಂದೇ ಕಾರಣವಲ್ಲ. 2017-18ರಲ್ಲಿ ಮನೆವಾರ್ತೆ ವೆಚ್ಚದ ಸಮೀಕ್ಷೆಯೊಂದು ನಡೆದಿತ್ತು. ಅದರ ಫಲಿತಾಂಶ ಪತ್ರಿಕೆಯೊಂದರಲ್ಲಿ ಸೋರಿಕೆಯಾದ ಮೇಲೆ, 2019ರ ನವೆಂಬರ್‌ನಲ್ಲಿ ಅಂಕಿಅಂಶ ಸಚಿವಾಲಯವು ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂದು ಹೇಳಿ ವರದಿಯನ್ನು ಬಿಡುಗಡೆ ಮಾಡದಿರಲು ನಿರ್ಧರಿಸಿತು. ಆ ನಿರ್ಧಾರದ ಬೆಲೆಯನ್ನು ಇಡೀ ದೇಶ ವರ್ಷಗಟ್ಟಲೆ ತೆತ್ತಿತು. ಚಿಲ್ಲರೆ ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಯಾವ ವಸ್ತುವಿಗೆ ಎಷ್ಟು ತೂಕ ಎಂಬುದು ಇದೇ ಸಮೀಕ್ಷೆಯಿಂದ ತೀರ್ಮಾನವಾಗಬೇಕು. ಹೊಸ ಸಮೀಕ್ಷೆ ಕೈಗೆ ಸಿಗದ ಕಾರಣ 2011-12ರ ತೂಕಗಳೇ 2026ರ ಆರಂಭದವರೆಗೂ ಮುಂದುವರಿದವು. ಅದರಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ 45.86. 2022-23ರ ಸಮೀಕ್ಷೆ ಹೊರಬಂದಾಗ ಗ್ರಾಮೀಣ ಕುಟುಂಬದ ಖರ್ಚಿನಲ್ಲಿ ಆಹಾರದ ಪಾಲು 2011-12ರ ಶೇ 52.9ರಿಂದ ಶೇ 46.4ಕ್ಕೂ, ನಗರದಲ್ಲಿ ಶೇ 42.6ರಿಂದ ಶೇ 39.2ಕ್ಕೂ ಇಳಿದಿತ್ತು. 2024ನ್ನು ಮೂಲ ವರ್ಷವಾಗಿಸಿಕೊಂಡು (ಹೋಲಿಕೆಗೆ ಆಧಾರವಾಗಿಸಿಕೊಂಡು) 2026ರ ಫೆಬ್ರುವರಿಯಲ್ಲಿ ಬಂದ ಹೊಸ ಸೂಚ್ಯಂಕದಲ್ಲಿ ಆಹಾರದ ತೂಕ ಶೇ 36.75ಕ್ಕೆ ಇಳಿಯಿತು. ವಿಸಿಆರ್, ಕ್ಯಾಸೆಟ್ ಮುಂತಾದವು ಆ ಬುಟ್ಟಿಯಿಂದ ಹೊರಬಿದ್ದದ್ದು ಕೂಡ ಆಗಲೇ.

ಇದು ಕೇವಲ ಲೆಕ್ಕಿಗರ ವಿಷಯವಲ್ಲ. ರಿಸರ್ವ್ ಬ್ಯಾಂಕ್‌ಗೆ ಕಾನೂನು ವಹಿಸಿರುವ ಗುರಿ ಇದೇ ಸೂಚ್ಯಂಕದ ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ ಹಿಡಿದಿಡುವುದು. ಟೊಮೆಟೊ, ಈರುಳ್ಳಿ ಬೆಲೆ ಏರಿದಾಗ ಆಹಾರಕ್ಕೆ ಅಗತ್ಯಕ್ಕಿಂತ ಹೆಚ್ಚು ತೂಕವಿರುವ ಸೂಚ್ಯಂಕ ವಾಸ್ತವಕ್ಕಿಂತ ಎತ್ತರಕ್ಕೆ ಜಿಗಿಯುತ್ತದೆ, ಬೆಲೆ ಕುಸಿದಾಗ ವಾಸ್ತವಕ್ಕಿಂತ ಕೆಳಕ್ಕೆ ಬೀಳುತ್ತದೆ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರದ ತೀರ್ಮಾನ, ಅದರ ಹಿಂದೆಯೇ ಗೃಹಸಾಲದ ಕಂತು, ಠೇವಣಿಯ ಬಡ್ಡಿ ಎಲ್ಲವೂ ಇದಕ್ಕೆ ತಗಲಿಕೊಂಡಿವೆ. ಒಂದು ವರದಿಯನ್ನು ತಡೆಹಿಡಿದದ್ದು ಎಷ್ಟು ದೂರದವರೆಗೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ. ದತ್ತಾಂಶದಲ್ಲಿ ದೋಷವಿದ್ದುದು ನಿಜವೇ ಆಗಿದ್ದರೆ, ದೋಷಗಳನ್ನು ವಿವರಿಸುವ ಟಿಪ್ಪಣಿಯೊಂದಿಗೆ ಪ್ರಕಟಿಸಿ, ತಜ್ಞರ ಪರಿಶೀಲನೆಗೆ ಬಿಡುವುದು ಸರಿಯಾದ ಮಾರ್ಗವಾಗಿತ್ತು.

ಇನ್ನು ಜಿಡಿಪಿ. 2015ರ ಜನವರಿಯಲ್ಲಿ 2011-12ರ ಮೂಲ ವರ್ಷದ ಸರಣಿ ಬಂದಾಗಿನಿಂದ ಎರಡು ಆಕ್ಷೇಪಗಳು ಮತ್ತೆ ಮತ್ತೆ ಕೇಳಿಬಂದಿವೆ. ಮೊದಲನೆಯದು ಅಸಂಘಟಿತ ವಲಯದ್ದು. ಲೆಕ್ಕಪತ್ರ ಇಡದ ಸಣ್ಣ ಅಂಗಡಿ, ವರ್ಕ್‌ಶಾಪ್, ಹೊಲಿಗೆ ಘಟಕ, ಗೂಡಂಗಡಿಗಳ ಉತ್ಪಾದನೆಯನ್ನು ಪ್ರತಿ ವರ್ಷ ನೇರವಾಗಿ ಅಳೆಯುತ್ತಿರಲಿಲ್ಲ. ಹಳೆಯ ಸಮೀಕ್ಷೆಯೊಂದನ್ನು ಆಧಾರವಾಗಿಟ್ಟುಕೊಂಡು, ನಡುವಿನ ವರ್ಷಗಳಲ್ಲಿ ಇತರ ಸೂಚಕಗಳ ಬೆಳವಣಿಗೆಯ ಪ್ರಮಾಣದಲ್ಲೇ ಅದನ್ನೂ ಏರಿಸಿಕೊಂಡು ಹೋಗಲಾಗುತ್ತಿತ್ತು. ಸಂಘಟಿತ, ಅಸಂಘಟಿತ ಎರಡೂ ವಲಯಗಳು ಜೊತೆಜೊತೆಗೆ ಸಾಗುವ ಕಾಲದಲ್ಲಿ ಇದರಿಂದ ದೊಡ್ಡ ದೋಷವಾಗದು. ಆದರೆ 2016ರ ನವೆಂಬರ್‌ನ ನೋಟು ರದ್ದತಿ, 2017ರ ಜುಲೈನ ಜಿಎಸ್‌ಟಿ, 2020ರ ಲಾಕ್‌ಡೌನ್ ಮೂರೂ ಸಣ್ಣವರಿಗೆ ಹೆಚ್ಚು ಪೆಟ್ಟು ಕೊಟ್ಟವು. ಅಲ್ಲಿ ದೊಡ್ಡವರ ಬೆಳವಣಿಗೆಯನ್ನು ಸಣ್ಣವರಿಗೂ ಆರೋಪಿಸಿದರೆ, ಸಣ್ಣವರ ನಷ್ಟ ಲೆಕ್ಕದಿಂದಲೇ ಮಾಯವಾಗುತ್ತದೆ. ಅಂಗಡಿ ಮುಚ್ಚಿದವನ ವ್ಯಾಪಾರ ದೊಡ್ಡ ಕಂಪನಿಯ ಪಾಲಾದಾಗ, ಲೆಕ್ಕದಲ್ಲಿ ಎರಡೂ ಬೆಳೆದಂತೆ ಕಾಣುವ ಅಪಾಯವಿದೆ.

ಎರಡನೆಯ ಆಕ್ಷೇಪ ಬೆಲೆಗಳದ್ದು. ಅದನ್ನು ಒಂದು ಚಿಕ್ಕ ಲೆಕ್ಕದಿಂದ ಅರ್ಥಮಾಡಿಕೊಳ್ಳಬಹುದು. ಒಂದು ಕಾರ್ಖಾನೆ 60 ರೂಪಾಯಿಯ ಕಚ್ಚಾ ಸಾಮಗ್ರಿ ಕೊಂಡು, ಅದರಿಂದ ತಯಾರಿಸಿದ ಸರಕನ್ನು 100 ರೂಪಾಯಿಗೆ ಮಾರುತ್ತದೆ ಎಂದುಕೊಳ್ಳೋಣ. ಅದು ಸೃಷ್ಟಿಸಿದ ಮೌಲ್ಯ 40 ರೂಪಾಯಿ. ಮರುವರ್ಷ ಅಷ್ಟೇ ಸಾಮಗ್ರಿ ಬಳಸಿ ಅಷ್ಟೇ ಸರಕನ್ನು ಅದೇ ಬೆಲೆಗೆ ಮಾರಿತು, ಆದರೆ ಕಚ್ಚಾ ಸಾಮಗ್ರಿಯ ಬೆಲೆ ಶೇ 10ರಷ್ಟು ಇಳಿದು 54 ರೂಪಾಯಿಯಾಯಿತು. ಈಗ ಮೌಲ್ಯ 46 ರೂಪಾಯಿ. ಸರಕಿನ ಮಾರಾಟ ಬೆಲೆಯನ್ನಷ್ಟೇ ನೋಡಿ ಹಣದುಬ್ಬರ ತೆಗೆದುಹಾಕುವವರಿಗೆ ಇದು ಶೇ 15ರ ನೈಜ ಬೆಳವಣಿಗೆಯಾಗಿ ಕಾಣುತ್ತದೆ. ಕೊಂಡದ್ದನ್ನೂ ಮಾರಿದ್ದನ್ನೂ ಅವುಗಳದೇ ಬೆಲೆಯಿಂದ ಬೇರೆಬೇರೆಯಾಗಿ ಸರಿಪಡಿಸಿದರೆ ಬೆಳವಣಿಗೆ ಸೊನ್ನೆ, ಏಕೆಂದರೆ ಒಂದೇ ಒಂದು ಸರಕೂ ಹೆಚ್ಚಿಗೆ ತಯಾರಾಗಿಲ್ಲ. ಹಳೆಯ ಸರಣಿಯಲ್ಲಿ ಹಲವು ವಲಯಗಳಿಗೆ ಮೊದಲ ವಿಧಾನವೇ ಬಳಕೆಯಲ್ಲಿತ್ತು, ಅದೂ ಬಹಳ ಕಡೆ ಸಗಟು ಬೆಲೆ ಸೂಚ್ಯಂಕವನ್ನು ನೆಚ್ಚಿಕೊಂಡು. ತೈಲ, ಲೋಹಗಳ ಬೆಲೆ ಕುಸಿದು ಸಗಟು ಸೂಚ್ಯಂಕ ಶೂನ್ಯದ ಹತ್ತಿರ ಸುಳಿದಾಡುವ ಸಮಯದಲ್ಲಿ ಈ ವಿಧಾನ ನೈಜ ಬೆಳವಣಿಗೆಯನ್ನು ಹಿಗ್ಗಿಸಿ ತೋರಿಸುವ ಸಂಭವ ಹೆಚ್ಚು.

2025ರ ಅಂಕಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಏಪ್ರಿಲ್-ಜೂನ್ ತ್ರೈಮಾಸಿಕದ ಮೊದಲ ಅಂದಾಜಿನಲ್ಲಿ ನೈಜ ಬೆಳವಣಿಗೆ ಶೇ 7.8, ಆಗಿನ ಬೆಲೆಗಳಲ್ಲಿ ಲೆಕ್ಕ ಹಾಕಿದ ಬೆಳವಣಿಗೆ ಶೇ 8.8. ಜುಲೈ-ಸೆಪ್ಟೆಂಬರ್‌ನಲ್ಲಿ ನೈಜ ಬೆಳವಣಿಗೆ ಶೇ 8.2, ಆಗಿನ ಬೆಲೆಗಳಲ್ಲಿ ಶೇ 8.7. ಇಡೀ ಅರ್ಥವ್ಯವಸ್ಥೆಯಲ್ಲಿ ಬೆಲೆಗಳು ವರ್ಷದಲ್ಲಿ ಅರ್ಧ ಶೇಕಡಾದಷ್ಟು ಮಾತ್ರ ಏರಿದವು ಎಂದು ಈ ಎರಡನೇ ಜೋಡಿ ಹೇಳುತ್ತದೆ. ಸಂಬಳದಿಂದ ಮನೆ ನಡೆಸುವವರಿಗೆ, ಶಾಲೆಯ ಶುಲ್ಕ, ಮನೆ ಬಾಡಿಗೆ, ಔಷಧಿಗೆ ಹಣ ಎಣಿಸುವವರಿಗೆ ಇದನ್ನು ನಂಬುವುದು ಕಷ್ಟ. ತೆರಿಗೆ ಸಂಗ್ರಹ, ಕಂಪನಿಗಳ ವಹಿವಾಟು, ಜನರ ಸಂಬಳ ಎಲ್ಲವೂ ನಡೆಯುವುದು ಆಗಿನ ಬೆಲೆಗಳಲ್ಲಾದ್ದರಿಂದ, ಶೀರ್ಷಿಕೆಯಲ್ಲಿ ಬರುವ ನೈಜ ದರಕ್ಕಿಂತ ಎರಡನೆಯ ಅಂಕಿಯೇ ಅನೇಕ ಸಲ ಹೆಚ್ಚು ತಿಳಿಸುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯು 2025ರ ನವೆಂಬರ್‌ನ ತನ್ನ ವರದಿಯಲ್ಲಿ ಭಾರತದ ರಾಷ್ಟ್ರೀಯ ಲೆಕ್ಕಗಳಿಗೆ ‘ಸಿ’ ದರ್ಜೆ ಕೊಟ್ಟದ್ದು ಇದೇ ಬಗೆಯ ಕಾರಣಗಳಿಂದ: ಹಳೆಯ ಮೂಲ ವರ್ಷ, ಸಗಟು ಬೆಲೆಯ ಮೇಲಿನ ಅವಲಂಬನೆ, ಅಸಂಘಟಿತ ವಲಯದ ದುರ್ಬಲ ಮಾಹಿತಿ. ಆ ದರ್ಜೆಯನ್ನು ದೇಶಕ್ಕಾದ ಅವಮಾನ ಎಂದು ಕೆಲವರು ಕೂಗಾಡಿದರು, ಜಿಡಿಪಿಯೇ ಸುಳ್ಳು ಎಂಬುದಕ್ಕೆ ಸಾಕ್ಷಿ ಎಂದು ಇನ್ನು ಕೆಲವರು ಸಂಭ್ರಮಿಸಿದರು. ವಿಧಾನದ ಕೊರತೆಯನ್ನು ತೋರಿಸುವ ದರ್ಜೆಯನ್ನು ಹಾಗೆ ಓದುವುದು ಎರಡೂ ಕಡೆಯವರ ತಪ್ಪು.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 2022-23ನ್ನು ಮೂಲ ವರ್ಷವಾಗಿಟ್ಟುಕೊಂಡ ಜಿಡಿಪಿಯ ಹೊಸ ಸರಣಿ 2026ರ ಫೆಬ್ರುವರಿಯಲ್ಲಿ ಬಂದಿದೆ. ಅಸಂಘಟಿತ ಉದ್ಯಮಗಳ ಸಮೀಕ್ಷೆ ಈಗ ಪ್ರತಿ ವರ್ಷ ನಡೆಯುತ್ತಿದೆ, ಮತ್ತು ಅದರ ಫಲಿತಾಂಶವನ್ನು ರಾಷ್ಟ್ರೀಯ ಲೆಕ್ಕಕ್ಕೆ ಬಳಸಿಕೊಳ್ಳಲಾಗುತ್ತಿದೆ. ಉದ್ಯೋಗದ ಅಂಕಿಗಳು 2025ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ಸಿಗುತ್ತಿವೆ. ಸಮೀಕ್ಷೆಗಳ ಬಿಡಿ ದತ್ತಾಂಶವನ್ನು ಸಂಶೋಧಕರು ಉಚಿತವಾಗಿ ಪಡೆದು ಪರೀಕ್ಷಿಸಬಹುದು. ಇದಿಷ್ಟೂ ಸಚಿವಾಲಯದ ವೃತ್ತಿಪರ ಅಧಿಕಾರಿಗಳ ಶ್ರಮದ ಫಲ, ಮತ್ತು ಅದಕ್ಕೆ ತಕ್ಕ ಮನ್ನಣೆ ಅವರಿಗೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಉದ್ಯೋಗದ ಅಂಕಿಗಳ ವಿಷಯದಲ್ಲಿ ವ್ಯಾಖ್ಯಾನವನ್ನು ಓದದೆ ಸಂಖ್ಯೆಯನ್ನು ಓದಬಾರದು. ವಾರದ ಮಾನದಂಡದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದವರೂ ಉದ್ಯೋಗಸ್ಥರೇ. ಇದು ಅಂತರರಾಷ್ಟ್ರೀಯ ನಿಯಮಕ್ಕೆ ಹೊಂದುವಂಥದ್ದು, ಯಾರೂ ಕುತಂತ್ರದಿಂದ ಮಾಡಿದ್ದಲ್ಲ. ಆದರೆ ನಿರುದ್ಯೋಗ ಭತ್ಯೆಯಿಲ್ಲದ ದೇಶದಲ್ಲಿ ಬಡವರು ಕೆಲಸವಿಲ್ಲದೆ ಕೂತಿರಲು ಸಾಧ್ಯವೇ ಇಲ್ಲ, ಸಿಕ್ಕಿದ್ದನ್ನು ಮಾಡುತ್ತಾರೆ. ಆದ್ದರಿಂದ ವಾರ್ಷಿಕ ಮಾನದಂಡದ ನಿರುದ್ಯೋಗ ದರ 2017-18ರ ಶೇ 6.1ರಿಂದ 2023-24ರಲ್ಲಿ ಶೇ 3.2ಕ್ಕೆ ಇಳಿದದ್ದರ ಜೊತೆಗೆ, ಅದೇ ವರದಿಯಲ್ಲಿರುವ ಇನ್ನೊಂದು ಸಾಲನ್ನೂ ಓದಬೇಕು: ದುಡಿಯುವವರಲ್ಲಿ ಶೇ 58.4ರಷ್ಟು ಮಂದಿ ಸ್ವಯಂ ಉದ್ಯೋಗಿಗಳು. ಇದರಲ್ಲಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ಮಹಿಳೆಯರ ದುಡಿಮೆಯ ಪಾಲ್ಗೊಳ್ಳುವಿಕೆ ಅದೇ ಅವಧಿಯಲ್ಲಿ ಶೇ 23.3ರಿಂದ ಶೇ 41.7ಕ್ಕೆ ಏರಿತು. ಈ ಏರಿಕೆಯ ಬಹುಪಾಲು ಹಳ್ಳಿಗಳಲ್ಲಿ, ಸ್ವಯಂ ಉದ್ಯೋಗದ ಹೆಸರಿನಲ್ಲಿ ಆದದ್ದು. ಹೆಂಗಸರು ಹೊಸದಾಗಿ ಕೆಲಸಕ್ಕೆ ಇಳಿದರೋ, ಮೊದಲಿನಿಂದಲೂ ಮಾಡುತ್ತಿದ್ದ ಹಸು ಕರೆಯುವ, ಕಳೆ ಕೀಳುವ ಕೆಲಸವನ್ನು ಸಮೀಕ್ಷಕರು ಈಗ ಹೆಚ್ಚು ಕೆದಕಿ ಕೇಳಿ ಬರೆದುಕೊಳ್ಳುತ್ತಿದ್ದಾರೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಇನ್ನೂ ಬಗೆಹರಿಸಿಲ್ಲ. ಎರಡೂ ಇರಬಹುದು. ಎರಡನ್ನೂ ಒಂದೇ ಸಾಧನೆಯ ಪಟ್ಟಿಗೆ ಸೇರಿಸುವುದು ಮಾತ್ರ ಸಲ್ಲದು.

ಶೇ 6.1ರ ಆ ಅಂಕಿಗೆ ತನ್ನದೇ ಇತಿಹಾಸವಿದೆ. ರಾಷ್ಟ್ರೀಯ ಅಂಕಿಅಂಶ ಆಯೋಗ ಒಪ್ಪಿಗೆ ಕೊಟ್ಟ ನಂತರವೂ ವರದಿ ಬಿಡುಗಡೆಯಾಗದಿದ್ದಾಗ, 2019ರ ಜನವರಿಯಲ್ಲಿ ಆಯೋಗದ ಹಂಗಾಮಿ ಅಧ್ಯಕ್ಷರಾಗಿದ್ದ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದು ಹೊಸ ಸಚಿವ ಸಂಪುಟ ಅಧಿಕಾರಕ್ಕೆ ಬಂದ ಮರುದಿನ, 2019ರ ಮೇ 31ರಂದು, ವರದಿ ಅಧಿಕೃತವಾಗಿ ಹೊರಬಂತು. ಅಂಕಿ ಅದಕ್ಕೂ ಮೊದಲು ಪತ್ರಿಕೆಯಲ್ಲಿ ಸೋರಿಕೆಯಾಗಿದ್ದದ್ದೇ ಆಗಿತ್ತು, ಒಂದು ದಶಮಾಂಶವೂ ಬದಲಾಗಿರಲಿಲ್ಲ. ಸಂಖ್ಯೆಯನ್ನು ಯಾರೂ ತಿದ್ದಲಿಲ್ಲ, ಅದನ್ನು ಮತದಾರರ ಕಣ್ಣಿಗೆ ಬೀಳದಂತೆ ಕೆಲವು ತಿಂಗಳು ತಡೆಯಲಾಯಿತು. ಸಿ. ರಂಗರಾಜನ್ ನೇತೃತ್ವದ ಸಮಿತಿ 2001ರಲ್ಲಿ ಕೊಟ್ಟ ವರದಿಯ ಫಲವಾಗಿ ರಚನೆಯಾದ ಈ ಆಯೋಗಕ್ಕೆ ಇಂದಿಗೂ ಸಂಸತ್ತು ಅಂಗೀಕರಿಸಿದ ಕಾಯ್ದೆಯ ಬಲವಿಲ್ಲ. ಅದು ನಿಂತಿರುವುದು ಸರ್ಕಾರದ ಆದೇಶವೊಂದರ ಮೇಲೆ. ಮಹಾಲೇಖಪಾಲರಿಗೆ, ಚುನಾವಣಾ ಆಯೋಗಕ್ಕೆ ಸಂವಿಧಾನದ ರಕ್ಷಣೆ ಇದೆ. ಬ್ರಿಟನ್ 2007ರ ಕಾಯ್ದೆಯ ಮೂಲಕ ತನ್ನ ಅಂಕಿಅಂಶ ಪ್ರಾಧಿಕಾರವನ್ನು ಸಚಿವರ ಹಿಡಿತದಿಂದ ಹೊರಗಿಟ್ಟಿತು. ಅಮೆರಿಕದಲ್ಲಿ 2025ರ ಆಗಸ್ಟ್ 1ರಂದು, ಉದ್ಯೋಗದ ಅಂಕಿ ದುರ್ಬಲವಾಗಿ ಬಂದ ದಿನವೇ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನು ಅಧ್ಯಕ್ಷರು ವಜಾ ಮಾಡಿದ್ದನ್ನು ನೋಡಿದರೆ, ಹಳೆಯ ಸಂಸ್ಥೆಗಳಿಗೂ ಕಾನೂನಿನ ಗಟ್ಟಿ ಬೇಲಿ ಎಷ್ಟು ಅಗತ್ಯ ಎಂಬುದು ತಿಳಿಯುತ್ತದೆ.

ಮರಳಿ ಗಣತಿಗೆ ಬರೋಣ. 2027ರ ಗಣತಿಗೆ ಸಚಿವ ಸಂಪುಟ 11,718 ಕೋಟಿ ರೂಪಾಯಿ ಮಂಜೂರು ಮಾಡಿದೆ. ಸುಮಾರು 30 ಲಕ್ಷ ಸಿಬ್ಬಂದಿ, ಅದರಲ್ಲಿ ಬಹುಪಾಲು ಶಾಲಾ ಶಿಕ್ಷಕರು, ಕಾಗದದ ಬದಲು ಮೊಬೈಲ್ ಆ್ಯಪ್‌ನಲ್ಲಿ ವಿವರ ದಾಖಲಿಸುತ್ತಾರೆ. ಕುಟುಂಬಗಳು ತಾವೇ ಆನ್‌ಲೈನ್‌ನಲ್ಲಿ ತುಂಬುವ ಅವಕಾಶವೂ ಇದೆ. 1931ರ ನಂತರ ಮೊದಲ ಬಾರಿಗೆ ಎಲ್ಲರ ಜಾತಿಯನ್ನು ದಾಖಲಿಸುವ ಗಣತಿ ಇದಾಗಲಿದೆ. ಜಾತಿಯ ಹೆಸರನ್ನು ಜನ ಹೇಳುವ ಬಗೆ ಊರಿಂದೂರಿಗೆ ಬೇರೆ. ಕುಲ, ಉಪಜಾತಿ, ಮನೆತನದ ಹೆಸರು ಕಲಸಿಕೊಂಡು ಬರುತ್ತವೆ. 2011ರ ಸಾಮಾಜಿಕ-ಆರ್ಥಿಕ ಸಮೀಕ್ಷೆಯ ಜಾತಿ ವಿವರ ಪ್ರಕಟವಾಗದೇ ಉಳಿದದ್ದಕ್ಕೆ ಈ ಗೊಂದಲವನ್ನೇ ಮುಖ್ಯ ಕಾರಣವಾಗಿ ಕೊಡಲಾಗಿತ್ತು. ಕರ್ನಾಟಕದಲ್ಲಿ 2015ರ ಸಮೀಕ್ಷೆಯ ವರದಿ ಹತ್ತು ವರ್ಷ ವಿವಾದದಲ್ಲಿ ಸಿಲುಕಿ, ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಮನೆಮನೆಗೆ ಹೋಗಬೇಕಾಗಿ ಬಂದದ್ದನ್ನು ನಾವು ಕಂಡಿದ್ದೇವೆ.

ಎಣಿಕೆ ಎಷ್ಟು ನಿಖರವಾಗಿರುತ್ತದೆ ಎಂಬುದು ಕೊನೆಗೆ ಬಾಗಿಲಲ್ಲಿ ನಿಂತ ಗಣತಿದಾರರು ಮತ್ತು ಒಳಗಿರುವವರ ನಡುವಿನ ಕೆಲವು ನಿಮಿಷಗಳ ಮೇಲೆ ನಿಂತಿದೆ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಮನೆಗಳ ಎಣಿಕೆ ನಡೆದು, 28ರ ರಾತ್ರಿ ರೈಲು ನಿಲ್ದಾಣ, ಬಸ್ ನಿಲ್ದಾಣ, ದೇವಸ್ಥಾನದ ಜಗಲಿ, ಮೇಲ್ಸೇತುವೆಗಳ ಕೆಳಗೆ ಮಲಗಿದ್ದ ವಸತಿರಹಿತರನ್ನು ಎಣಿಸಲಾಯಿತು. ಮಾರ್ಚ್ 1ರಿಂದ 5ರವರೆಗೆ ಗಣತಿದಾರರು ಮತ್ತೊಮ್ಮೆ ತಮ್ಮ ಬ್ಲಾಕ್ ಸುತ್ತಿ, ನಡುವೆ ಹುಟ್ಟಿದವರನ್ನು ಸೇರಿಸಿ ತೀರಿಕೊಂಡವರನ್ನು ತೆಗೆದರು. ಇಷ್ಟಾದರೂ ಗಣತಿಯ ನಂತರದ ಪರಿಶೀಲನಾ ಸಮೀಕ್ಷೆಯಲ್ಲಿ ಸಾವಿರಕ್ಕೆ 23 ಮಂದಿ ಎಣಿಕೆಯಿಂದ ತಪ್ಪಿಹೋಗಿದ್ದಾರೆಂದು ಕಂಡುಬಂತು. 121 ಕೋಟಿಗೆ ಅದು ಸುಮಾರು 2.8 ಕೋಟಿ ಜನ. ತಪ್ಪಿಹೋಗುವ ಸಾಧ್ಯತೆ ಹೆಚ್ಚಿರುವುದು ಅಲೆಮಾರಿಗಳು, ಕಟ್ಟಡ ಕಾರ್ಮಿಕರು, ಬಾಡಿಗೆ ಕೊಠಡಿಯಲ್ಲಿರುವ ಒಂಟಿ ವಲಸಿಗರು. ಈ ಲೋಪವನ್ನು ಗಣತಿ ಇಲಾಖೆ ತಾನೇ ಅಳೆದು ಪ್ರಕಟಿಸಿತು ಎಂಬುದು ಮೆಚ್ಚಬೇಕಾದ ಸಂಗತಿ.

ಬಾಗಿಲು ತೆರೆಯುವವರ ವಿಶ್ವಾಸ ಈ ಬಾರಿ ಮೊದಲಿನಷ್ಟು ಸುಲಭವಾಗಿ ಸಿಗಲಾರದು. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವ್ಯಕ್ತಿಯೊಬ್ಬರು ಕೊಟ್ಟ ವಿವರವನ್ನು ಯಾರೂ ಪರಿಶೀಲಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಿವಿಲ್ ಪ್ರಕರಣಕ್ಕೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಈ ರಕ್ಷಣೆ ಇದೆ ಎಂಬುದು ಬಹುತೇಕರಿಗೆ ಗೊತ್ತಿಲ್ಲ. ತಾನು ಕೊಟ್ಟ ಉತ್ತರದಿಂದ ಪಡಿತರ ಚೀಟಿ ರದ್ದಾದೀತೇ, ಪೌರತ್ವದ ಪ್ರಶ್ನೆ ಎದ್ದೀತೇ, ಆ್ಯಪ್‌ನಿಂದ ಮಾಹಿತಿ ಸೋರೀತೇ ಎಂಬ ಅಂಜಿಕೆಗಳಿಗೆ ಗಣತಿದಾರರ ಬಳಿ ಸ್ಪಷ್ಟ ಉತ್ತರವಿರಬೇಕು, ಮತ್ತು ಆ ಉತ್ತರವನ್ನು ಸರ್ಕಾರ ಸಾರ್ವಜನಿಕವಾಗಿ ಮೊದಲೇ ಕೊಟ್ಟಿರಬೇಕು. ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ಬಗೆಯ ಆತಂಕವಿದೆ. ಲೋಕಸಭೆಯಲ್ಲಿ ರಾಜ್ಯವಾರು ಸ್ಥಾನ ಹಂಚಿಕೆ ಇಂದಿಗೂ 1971ರ ಜನಸಂಖ್ಯೆಯ ಮೇಲೆ ನಿಂತಿದ್ದು, 2026ರ ನಂತರದ ಮೊದಲ ಗಣತಿಯವರೆಗೆ ಅದನ್ನು ಬದಲಿಸುವಂತಿಲ್ಲ ಎಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿತ್ತು. ಜನಸಂಖ್ಯೆ ನಿಯಂತ್ರಿಸಿದ್ದಕ್ಕೆ ಶಿಕ್ಷೆಯಾಗಬಾರದು ಎಂಬ ವಾದದಲ್ಲಿ ನ್ಯಾಯವಿದೆ. ಆದರೆ ಅದಕ್ಕೆ ಉತ್ತರ ಹುಡುಕಬೇಕಾದದ್ದು ಹಂಚಿಕೆಯ ಸೂತ್ರದಲ್ಲಿ. ಎಣಿಕೆಯನ್ನೇ ಶತ್ರುವಾಗಿ ನೋಡಿದರೆ ಕರ್ನಾಟಕದ ವಲಸೆ ಕಾರ್ಮಿಕರು, ಬೆಂಗಳೂರಿನ ನೀರಿನ ಯೋಜನೆ, ಹೊಸ ತಾಲ್ಲೂಕುಗಳ ಶಾಲೆ ಎಲ್ಲವೂ ಮತ್ತೊಂದು ದಶಕ ಕತ್ತಲಲ್ಲೇ ಉಳಿಯುತ್ತವೆ.

ಎಣಿಕೆ ಮುಗಿದರೆ ಕೆಲಸ ಮುಗಿಯುವುದಿಲ್ಲ. 2011ರ ಗಣತಿಯ ಒಟ್ಟು ಜನಸಂಖ್ಯೆ ಎಣಿಕೆ ಮುಗಿದ ಮಾರ್ಚ್ ತಿಂಗಳಲ್ಲೇ ತಾತ್ಕಾಲಿಕವಾಗಿ ಪ್ರಕಟವಾಯಿತಾದರೂ, ವಲಸೆಯ ವಿವರವಾದ ಕೋಷ್ಟಕಗಳು ಹೊರಬರುವ ಹೊತ್ತಿಗೆ ಸುಮಾರು ಎಂಟು ವರ್ಷ ಕಳೆದಿದ್ದವು. ಮೊಬೈಲ್‌ನಲ್ಲೇ ದಾಖಲಾಗುವ ಈ ಗಣತಿಗೆ ಅಂಥ ವಿಳಂಬಕ್ಕೆ ತಾಂತ್ರಿಕ ಕಾರಣವಿರುವುದಿಲ್ಲ. ಯಾವ ಕೋಷ್ಟಕ ಯಾವ ತಿಂಗಳು ಬರುತ್ತದೆ ಎಂಬ ವೇಳಾಪಟ್ಟಿಯನ್ನು ಎಣಿಕೆಗೆ ಮೊದಲೇ ಪ್ರಕಟಿಸಿ, ಅದನ್ನು ಪಾಲಿಸುವ ಹೊಣೆಯನ್ನು ಕಾಯ್ದೆಯ ಬಲವುಳ್ಳ ಅಂಕಿಅಂಶ ಆಯೋಗಕ್ಕೆ ವಹಿಸಬೇಕು. ಪಡಿತರದ ರಾಜ್ಯವಾರು ಮಿತಿ ಹೊಸ ಸಂಖ್ಯೆಗೆ ಎಷ್ಟು ದಿನದೊಳಗೆ ಬದಲಾಗುತ್ತದೆ, ಸಮೀಕ್ಷೆಗಳ ಹಳ್ಳಿ-ನಗರ ಪಟ್ಟಿ ಯಾವಾಗ ಪರಿಷ್ಕರಣೆಯಾಗುತ್ತದೆ, ಹಣಕಾಸು ಆಯೋಗದ ಐದು ವರ್ಷಗಳ ಅವಧಿಯ ನಡುವೆ ಹೊಸ ಜನಸಂಖ್ಯೆ ಬಂದರೆ ರಾಜ್ಯಗಳ ಪಾಲನ್ನು ಮರುಲೆಕ್ಕ ಹಾಕಲಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಸಂಸದರು, ಶಾಸಕರು 2027ರ ಮಾರ್ಚ್‌ಗೆ ಮುಂಚೆಯೇ ಸದನದಲ್ಲಿ ಕೇಳಿ, ಸರ್ಕಾರದಿಂದ ಲಿಖಿತ ಉತ್ತರ ಪಡೆಯಬೇಕು.